ಬಿಟ್ಟು ಹೋದ ತೋಟಾ

ಸಾಮನ್, ಐಡಾಹೊ
ಮೇ 19, 1991

ಪ್ರೀತಿಯ ನೋರೀನ್,

ಪ್ರೀತಿಯ ಎಂದು ರೂಢಿಗೆ ಬರೆದಿದ್ದೇನೆ. ಈ ವಾರ ಅದರ ದಾಸ್ತಾನು ಅಷ್ಟೇನೂ ಇಲ್ಲ. ಅಲಾಸ್ಕಾದ ಆ ನದಿದಂಡೆಯಲ್ಲಿ ಚಳಿ ಹೇಗಿದೆ, ನಿನ್ನ ಕೆಮ್ಮು ಹೋಯಿತೇ, ಮೀನು ಎಣಿಸುವವರ ಹೊಟ್ಟೆಗೆ ಸರ್ಕಾರ ಸರಿಯಾಗಿ ಹಾಕುತ್ತಿದೆಯೇ? ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನಗೇನೂ ಇಲ್ಲ, ಸಿಟ್ಟು ಬಂದರೆ ರಕ್ತ ಚೆನ್ನಾಗಿ ಓಡಾಡುತ್ತದಂತೆ.

ನಿನ್ನ ಕೋಣೆಯ ಹಾಸಿಗೆ ಕೊಡವಲು ಹೋದ ನಿನ್ನಮ್ಮನಿಗೆ ದಿಂಬಿನಡಿ ಆ ಡಬ್ಬ ಸಿಕ್ಕಿತು. ಐವತ್ತು ತೋಟಾ, ಒಂದೂ ಕಡಿಮೆಯಿಲ್ಲ. ಕರಡಿಗಳ ನಾಡಿಗೆ ಹೊರಟ ಮಗಳ ದೊಡ್ಡ ರಿವಾಲ್ವರಿಗೆಂದು ನಾನೇ ಕಟ್ಟಿಕೊಟ್ಟದ್ದು. ನಮ್ಮ ಟೈರ್ ಅಂಗಡಿಗೆ ಬಂದ ಹಳೇ ಚಕ್ರಗಳಿಂದ, ತೂಕ ಸರಿದೂಗಿಸಲು ಹೊಡೆದಿರುವ ಸೀಸದ ತುಂಡುಗಳನ್ನು ಕಿತ್ತು ಚಳಿಗಾಲವಿಡೀ ಕೂಡಿಟ್ಟಿದ್ದೆ. ಶೆಡ್ಡಿನಲ್ಲಿ ಕರಗಿಸಿ, ಮೇಲೆ ತೇಲಿದ ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದು, ಸುಕ್ಕು ಬಿದ್ದ ಗುಂಡನ್ನೆಲ್ಲ ಮತ್ತೆ ಪಾತ್ರೆಗೇ ಎಸೆದೆ. ಒಳ್ಳೆಯವಕ್ಕೆ ಜೇನುಮೇಣ ಸವರಿ, ಹಿತ್ತಾಳೆಯ ಕೊಳವೆಗಳಿಗೆ ಕೋವಿಮದ್ದು ತೂಗಿ ಹಾಕಿ, ಗುಂಡು ಕೂರಿಸಿದೆ. ಇಷ್ಟೆಲ್ಲ ಮಾಡಿದ್ದಕ್ಕೆ ಡಬ್ಬದ ಮುಚ್ಚಳದ ಮೇಲೆ ನಿನ್ನ ಕೈಬರಹದ ರಸೀದಿ: "ಇನ್ನೊಬ್ಬರು ಕಟ್ಟಿದ ತೋಟಾ ಹಾರಿಸಬಾರದು, ಒಡಹುಟ್ಟಿದವರದಾದರೂ. ನೀನೇ ಹೇಳಿದ್ದಲ್ವಾ ಅಪ್ಪ."

ಹೇಳಿದ್ದು ಹೌದು. ಒಂದೇ ಒಂದು ಕೊಳವೆಗೆ ಮದ್ದು ಎರಡು ಸಲ ಬಿದ್ದಿದ್ದರೂ ರಿವಾಲ್ವರ್ ಕೈಯಲ್ಲೇ ಸಿಡಿಯುತ್ತದೆ. ಆದರೆ ಆ ಮಾತು ಬೀದಿಯವರಿಗೆ. ನಾನು ಇನ್ನೊಬ್ಬನೇ? ನಿನ್ನ ಸೈಕಲ್ಲಿನ ನಟ್ಟು ಬಿಗಿದಾಗ ಇನ್ನೊಬ್ಬನಾಗಿರಲಿಲ್ಲ. ನೀನು ಆ ಲಟಾರಿ ಪಿಕಪ್ಪಿಗೆ ಹೊಸ ಟೈರುಗಳನ್ನು ಬಿಟ್ಟಿ ಹಾಕಿಸಿಕೊಂಡಾಗಲೂ ಆಗಿರಲಿಲ್ಲ. ನನ್ನದರ ಬದಲು ನೀನು ದುಡ್ಡು ಕೊಟ್ಟು ಒಯ್ದ ಅಂಗಡಿಯ ತೋಟಾ ಕಟ್ಟಿದವನು ಯಾರು, ನಿನ್ನ ಸೋದರಮಾವನೇ?

ಡಬ್ಬವನ್ನೂ ಅದೇ ಅಳತೆಯ ನನ್ನ ರಿವಾಲ್ವರನ್ನೂ ಎತ್ತಿಕೊಂಡು ಜಲ್ಲಿ ಕ್ವಾರಿಗೆ ಹೋದೆ. ಕುದುರೆ ಜೀನು ಹೊಲಿಯುವ ನಮ್ಮ ಲೆಮ್ ಅಲ್ಲೇ ತಗಡಿನ ಡಬ್ಬಿಗಳಿಗೆ ಗುರಿಯಿಡುತ್ತಿದ್ದ. ನಾನು ಎದುರಿನ ಮಣ್ಣುದಿಬ್ಬಕ್ಕೆ ಒಂದರ ಹಿಂದೊಂದು ಹಾರಿಸತೊಡಗಿದೆ. "ಏನಯ್ಯಾ, ಆ ಮಣ್ಣುದಿಬ್ಬ ನಿಂಗೇನ್ ಮಾಡ್ತು?" ಅಂದ. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ರೇಗಿಹೋಗಿ ಡಬ್ಬವನ್ನು ಅವನ ಮುಂದೆ ಹಿಡಿದು, ನೀನೇ ಹಾರಿಸಿ ನೋಡು ಎಂದೆ. ಕೈಯನ್ನು ಜೇಬಿಗೆ ಹಾಕಿಕೊಂಡ. "ನಿನ್ನ ನಂಬ್ತೀನಿ ಆರ್ವಿಲ್. ಬೇಟೆಗೆ ಹೋದಾಗ ಒಂದೇ ಡೇರೆಲಿ ಮಲಗ್ತೀನಿ, ನಿನ್ ಗೊರಕೆನೂ ಸಹಿಸ್ಕೋತೀನಿ. ಆದ್ರೆ ನಿನ್ ತೋಟಾ ಬೇಡಪ್ಪ." ಆಮೇಲೆ ಆ ಕಳ್ಳ ತನ್ನ ಡಬ್ಬವನ್ನೇ ನನ್ನ ಮುಂದೆ ಹಿಡಿದ. "ತಗೋ, ನಾನು ಕಟ್ಟಿದ್ದು ಹಾರ್ಸು. ಅಣ್ಣತಮ್ಮಂದಿರ ಹಾಗಲ್ವೇನೋ ನಾವು?"

ನನ್ನ ಕೈ ಏಳಲಿಲ್ಲ. ಈ ಸಲ ಅವನು ನಗಲೂ ಇಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಉಳಿದದ್ದನ್ನೂ ಹಾರಿಸಿ ಮುಗಿಸಿದೆ. ಒಂದೂ ಕೈಕೊಡಲಿಲ್ಲ, ಅದು ನಿನಗೆ ತಿಳಿದಿರಲಿ. ಗೆದ್ದವನು ನಾನೇ, ಗೆದ್ದು ಮನೆಗೆ ತಂದದ್ದು ಖಾಲಿ ಹಿತ್ತಾಳೆ.

ನಿನ್ನಮ್ಮ ಮುತ್ತು ಕಳಿಸಿದ್ದಾಳೆ. ದೇವರು ನಿನ್ನನ್ನು ಕಾಯಲಿ. ಅವನಿಗೆ ಬಿಡುವಿಲ್ಲದ ದಿನ ನಿನ್ನನ್ನು ನೀನೇ ಕಾಯ್ದುಕೋ.

ಸಿಟ್ಟಿಳಿಯದ ನಿನ್ನ ಅಪ್ಪ,
ಆರ್ವಿಲ್

ಮರೆತಿದ್ದೆ: ಮುಂದಿನ ಅಂಚೆ ವಿಮಾನಕ್ಕೆ ಒಂದು ಭಾರದ ಪೆಟ್ಟಿಗೆ ಬರುತ್ತದೆ, ಒಬ್ಬಳೇ ಎತ್ತಬೇಡ. ತೋಟಾ ಒತ್ತುವ ಯಂತ್ರ, ತಕ್ಕಡಿ, ಅಚ್ಚು, ಆ ಖಾಲಿ ಹಿತ್ತಾಳೆ ಎಲ್ಲ ಅದರಲ್ಲಿವೆ. ಮದ್ದನ್ನು ಅಂಚೆಯವರು ಮುಟ್ಟುವುದಿಲ್ಲ, ಅಲ್ಲೇ ಕೊಂಡುಕೋ. ತಕ್ಕಡಿ ಸರಿಯಿದೆ ಎಂದು ನಾನು ಹೇಳಿದರೆ ನಂಬಬೇಡ, ನೀನೇ ನೋಡಿಕೋ. ಶೆಡ್ಡಿನ ಮೇಜು ಬರಿದಾಗಿದೆ. ನಿನ್ನಮ್ಮ ಆಗಲೇ ಅಲ್ಲಿ ಟೊಮೆಟೊ ಸಸಿ ಇಟ್ಟಾಯಿತು. ಒಂದು ಮಾತು: ನೀನು ಕಟ್ಟಿದ್ದನ್ನು ನನಗೆ ಮಾತ್ರ ಕಳಿಸಬೇಡ. ನಾನು ಹಾರಿಸುವುದಿಲ್ಲ.