ಬಹುಮಾನದ ಕಾರಿನ ಬಾಗಿಲು

ಚಿರಂಜೀವಿ ಬುಗುರಿಗೆ ನಿನ್ನ ಮಾಮ ಮಾಡುವ ಆಶೀರ್ವಾದಗಳು.

ಮೊದಲಿಗೇ ಒಂದು ಮಾತು ಬರೆದುಬಿಡುತ್ತೇನೆ. ಈ ಭೂಮಿಯ ಮೇಲೆ ಸ್ಟೀರಿಂಗ್ ಹಿಡಿದವರಲ್ಲಿ ನನ್ನ ಹಾಗೆ ತಿರುವು ತೆಗೆಯುವವನು ಇನ್ನೊಬ್ಬ ಹುಟ್ಟಿಲ್ಲ. ಕಾರು ಕಂಡುಹಿಡಿದ ಮಹಾಶಯನೇ ಒಮ್ಮೆ ನಮ್ಮ ಬೇಕರಿಯ ಹಿಂಬಾಗಿಲಿಗೆ ಬಂದು, "ಸ್ವಾಮೀ, ಈ ಬ್ರೇಕನ್ನು ಎಲ್ಲಿಡಲಿ?" ಎಂದು ಕೇಳಿಕೊಂಡು ಹೋದ. ಆಗ ನಾನು ವ್ಯಾನಿನಿಂದ ಬ್ರೆಡ್ಡಿನ ಟ್ರೇ ಇಳಿಸುತ್ತಿದ್ದೆ. ಕೈ ಖಾಲಿ ಇರಲಿಲ್ಲ, ಗಲ್ಲದಲ್ಲೇ ತೋರಿಸಿದೆ. ಇವತ್ತಿಗೂ ಅದು ಅಲ್ಲೇ ಇದೆ, ಬೇಕಾದರೆ ನೋಡಿಕೋ.

ಅಂಥ ಮನುಷ್ಯ ಈಗ ಎಲ್ಲಿ ಕೂತು ಬರೆಯುತ್ತಿದ್ದಾನೆ ಗೊತ್ತೇ? ತನ್ನದೇ ಶೆಡ್ಡಿನಲ್ಲಿ, ತನ್ನದೇ ಕಾರಿನೊಳಗೆ, ಹೊರಗೆ ಬರಲಾರದೆ.

ನಗಬೇಡ. ನಕ್ಕರೂ ನಿಮ್ಮಮ್ಮನಿಗೆ ಕೇಳಿಸದ ಹಾಗೆ ನಗು. ಅಕ್ಕ ನನ್ನನ್ನು ನೋಡಿ ನಗಲು ಶುರುಮಾಡಿ ಐವತ್ತೆಂಟು ವರ್ಷವಾಯಿತು, ಹೊಸ ಕಾರಣ ಒದಗಿಸುವುದು ಬೇಡ.

ಆದದ್ದು ಇಷ್ಟು. ಶನಿವಾರ ನೀನು ಬಂದು ಕಾರು ತೆಗೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೆಯಲ್ಲ, ಚಕ್ರಗಳನ್ನಾದರೂ ಉಜ್ಜಿ ಇಡೋಣ ಎಂದು ಬೆಳಿಗ್ಗೆ ಹಿಂದಿನ ಎಡಮೂಲೆಗೆ ಜಾಕ್ ಕೊಟ್ಟು ಎತ್ತಿದೆ. ಅಷ್ಟರಲ್ಲಿ ಕಾರಿನ ಕಾಗದಪತ್ರ ನೆನಪಾಯಿತು. ಒಳಗೆ ಹತ್ತಿ ಕೂತೆ. ಮೂವತ್ತು ವರ್ಷ ವ್ಯಾನ್ ಓಡಿಸಿದ ಕೈ, ಕೂತ ತಕ್ಷಣ ಬಾಗಿಲು ಎಳೆದುಕೊಂಡಿತು. ಟಕ್ ಎಂದಿತು. ಅಷ್ಟೇ. ಒದ್ದೆ, ಭುಜ ಕೊಟ್ಟೆ, ಬುದ್ಧಿ ಹೇಳಿದೆ. ಜಪ್ಪಯ್ಯ ಅನ್ನಲಿಲ್ಲ. ಉಳಿದ ಮೂರು ಬಾಗಿಲು ತೆರೆಯುವುದಿಲ್ಲ ಎನ್ನುವುದು ನಿನಗೇ ಗೊತ್ತು. "ರೇಸಿನ ಕಾರಿಗೆ ಒಂದೇ ಬಾಗಿಲು ಕಣೇ" ಎಂದು ನಿನಗೆ ಹೇಳಿಕೊಟ್ಟವನು ನಾನೇ. ಗಾಜು ನಾಲ್ಕು ಬೆರಳು ಇಳಿದು ನಿಂತಿದೆ. ಹಾರನ್ ಹೊಡೆಯೋಣವೆಂದರೆ ಬ್ಯಾಟರಿ ಬಿಚ್ಚಿ ಮೆಟ್ಟಿಲ ಮೇಲಿಟ್ಟಿದ್ದೇನೆ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿದೆ. ನಿನ್ನ ಅತ್ತೆ ಆಸ್ಪತ್ರೆಗೆ ಹೊಲಿದ ಪರದೆಗಳನ್ನು ಕೊಟ್ಟು ಬರಲು ಹೋಗಿದ್ದಾಳೆ, ಬರುವುದು ನಾಲ್ಕು ಗಂಟೆಗೆ. ಕೂಗಿದೆ. ಪಕ್ಕದ ಮನೆಯ ಗಡಿಯಾರ ರಿಪೇರಿಯವನಿಗೆ ಕಿವಿ ಮಂದ. ಅವನು ಒಮ್ಮೆ ಹೊರಗೆ ಬಂದು ನನ್ನ ಕಡೆ ನೋಡಿ ಕೈ ಬೀಸಿದ. ನಾನೂ ಪ್ರಾಣ ಹೋಗುವ ಹಾಗೆ ಬೀಸಿದೆ. ಸಂತೋಷಪಟ್ಟು ಒಳಗೆ ಹೋದ.

ಗಾಜು ಒಡೆಯಬಹುದಿತ್ತು. ಒಡೆದರೆ ಯಾಕೆ ಒಡೆದೆ ಎಂದು ಹೇಳಬೇಕಾಗುತ್ತದೆ. ಅದನ್ನು ಹೇಳಬಾರದೆಂದೇ ಹನ್ನೊಂದು ವರ್ಷ ಕಳೆದವನು ನಾನು. ಡ್ಯಾಶ್‌ಬೋರ್ಡಿನಲ್ಲಿ ಬೇಕರಿಯ ಹಳೇ ಬಿಲ್ ಪುಸ್ತಕ ಸಿಕ್ಕಿತು, ಪೆನ್ನು ಜೇಬಿನಲ್ಲಿತ್ತು. ಬಿಲ್ಲುಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮುಂಬದಿಯಲ್ಲಿ ಬನ್ನು, ರಸ್ಕು ಎಂದಿದ್ದರೆ ಓದಬೇಡ.

ನಿನ್ನ ಪತ್ರವೂ ಇಲ್ಲೇ ಇದೆ. ಮೂರು ಸಲ ಓದಿದೆ. ಬೆಳಿಗ್ಗೆ ಅಮ್ಮನನ್ನು ಎತ್ತಿ ಕೂರಿಸುವುದು, ಗಾಲಿಕುರ್ಚಿ ಮಡಚಿ ಕಾರಿಗೆ ಹಾಕುವುದು, ವ್ಯಾಯಾಮ ಮಾಡಿಸುವವರ ಹತ್ತಿರ ಬಿಡುವುದು, ಆಮೇಲೆ ಕನ್ನಡಕದ ಕಾರ್ಖಾನೆಯಲ್ಲಿ ಸಂಜೆಯವರೆಗೆ ಗಾಜು ಉಜ್ಜುವುದು, ಮತ್ತೆ ಅದೇ ದಾರಿ, ಅದೇ ಮೆಟ್ಟಿಲು. "ವಾರಕ್ಕೆ ಆರು ದಿನ ನಾನು ಬೇರೆಯವರ ಗಾಡಿ, ಮಾಮ. ಭಾನುವಾರ ಆ ಬಯಲಲ್ಲಿ ಕೆಂಪು ರಬ್ಬರ್ ಕೋನುಗಳ ನಡುವೆ ಕಾರು ಓಡಿಸೋ ಐವತ್ತೆಂಟು ಸೆಕೆಂಡು ಮಾತ್ರ, ಎಲ್ಲಿ ತಿರುಗ್ಬೇಕು ಅಂತ ನಾನೇ ಹೇಳ್ತೀನಿ" ಎಂದು ಬರೆದಿದ್ದೀಯ. ಇದನ್ನು ಓದಿ ನಾನು ತಮಾಷೆ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಇದೇ ಮೊದಲಿರಬೇಕು.

ಅಮ್ಮನ ಗಾಲಿಕುರ್ಚಿಯನ್ನೂ ಹೊರಬೇಕು, ಭಾನುವಾರ ಆಟೋಕ್ರಾಸ್ ಎನ್ನುವ ಆ ಕೋನಿನ ಓಟಕ್ಕೂ ಕುಣಿಯಬೇಕು, ಎರವಲು ಕಾರು ಸಾಕಾಗಿ ಅಂಥ ನಾಲ್ಕು ಬಾಗಿಲಿನ ಸ್ವಂತ ಕಾರು ನಿನಗೆ ಬೇಕು. ಅದಕ್ಕೆ ನೀನು ಆರಿಸಿಕೊಂಡದ್ದು ನನ್ನ ಈ ಬಿಳಿ ಕಾರನ್ನು, ಮುಚ್ಚಿದ ಮೂರು ಬಾಗಿಲನ್ನು ಬಿಚ್ಚಿಸಿಕೊಂಡರಾಯಿತು ಎಂದು. ಯಾಕೆಂದರೆ ಇದು ಬಹುಮಾನ ಗೆದ್ದ ಕಾರು. ಸಾಕ್ಷಿಗೆ ಫೋಟೋ ಇದೆ.

ಆ ಫೋಟೋ ನಮ್ಮ ಹಜಾರದಲ್ಲಿದೆ, ನಿನ್ನ ಓದುವ ಮೇಜಿನ ಮೇಲೂ ಇತ್ತು. ನಾನು ಸ್ಟೀರಿಂಗ್ ಹಿಂದೆ ಕೂತು ಗಾಜಿನೊಳಗಿಂದ ಕೈ ಬೀಸುತ್ತಿದ್ದೇನೆ. ಸುತ್ತ ನಲವತ್ತು ಐವತ್ತು ಜನ. ಒಬ್ಬ ಬಾನೆಟ್ ಮೇಲೆ ಹತ್ತಿದ್ದಾನೆ, ಇಬ್ಬರು ಬಾಗಿಲು ಹಿಡಿದುಕೊಂಡಿದ್ದಾರೆ, ಕೊರಳಿಗೆ ಸೀಟಿ ಕಟ್ಟಿಕೊಂಡ ಒಬ್ಬ ಹೆಂಗಸು ಎರಡೂ ಕೈ ಎತ್ತಿದ್ದಾಳೆ. ಹದಿನಾಲ್ಕು ವರ್ಷದ ನೀನು ಅದನ್ನು ನೋಡಿ, "ಮಾಮ, ಎಲ್ರೂ ನಿನ್ನ ಎತ್ಕೊಂಡು ಮೆರವಣಿಗೆ ಮಾಡಿದ್ರಾ?" ಎಂದು ಕೇಳಿದೆ. ನಾನು ಹೂಂ ಎಂದೆ. ಆ ಒಂದು ಹೂಂನೊಳಗೆ ಇವತ್ತಿನವರೆಗೆ ಸಿಕ್ಕಿಹಾಕಿಕೊಂಡಿದ್ದೇನೆ.

ಮಗಳೇ, ಅವರು ನನ್ನನ್ನು ಮೆರೆಸುತ್ತಿರಲಿಲ್ಲ, ಹೊರಗೆ ತೆಗೆಯುತ್ತಿದ್ದರು.

ಹನ್ನೊಂದು ವರ್ಷದ ಹಿಂದಿನ ಆ ಕೋನಿನ ಓಟದಲ್ಲಿ ಮೂರನೇ ಕೋನಿನವರೆಗೆ ನಾನು ಚೆನ್ನಾಗಿಯೇ ಓಡಿಸಿದೆ, ಇದು ಬಡಾಯಿಯಲ್ಲ. ನಾಲ್ಕನೆಯದಕ್ಕೆ ಜೋರಾಗಿ ತಿರುಗಿಸಿದೆ ನೋಡು, ಕಾರಿನ ಮುಂಭಾಗ ನಾನು ಹೇಳಿದ ಕಡೆ ಹೋಯಿತು, ಹಿಂಭಾಗ ತನಗೆ ತೋಚಿದ ಕಡೆ ಹೋಯಿತು. ಕಾರಿನ ಹೊಟ್ಟೆಯೊಳಗಿಂದ ಬಟ್ಟೆ ಹರಿದ ಹಾಗೆ ಒಂದು ಸದ್ದು. ಕಾರು ನಿಂತಿತು, ನಾಲ್ಕೂ ಬಾಗಿಲು ಕಚ್ಚಿಕೊಂಡವು. ಒಂದೂಕಾಲು ಗಂಟೆ ಒಳಗಿದ್ದೆ. ಕೈ ಬೀಸಿದ್ದು ಗಾಳಿಗಾಗಿ. ಕೊನೆಗೆ ಮುಂದಿನ ಗಾಜು ಬಿಚ್ಚಿ, ಕಂಕುಳಿಗೆ ಕೈ ಹಾಕಿ, ಹಸುಗೂಸಿನ ಹಾಗೆ ಎಳೆದರು. ಆ ಸೀಟಿಯ ಹೆಂಗಸು ನೀರು ಕೊಟ್ಟು ಕೇಳಿದಳು: "ಮನೇಲಿ ಹೇಳಿ ಬಂದಿದೀರಾ ಯಜಮಾನ್ರೇ?"

ಡೊಂಕು ತಗಡನ್ನು ನೇರ ಮಾಡುವ ಟಿಂಕರಿಂಗ್ ಮೇಸ್ತ್ರಿಯೊಬ್ಬ ಅಲ್ಲೇ ಇದ್ದ. ಕಾರಿನ ಕೆಳಗೆ ಮಲಗಿ ಬಹಳ ಹೊತ್ತು ನೋಡಿ ಎದ್ದು ಬಂದ. "ಅಣ್ಣಾ, ನೀವು ಒಂದು ಕಾರು ತಗೊಂಡಿಲ್ಲ, ಎರಡು ತಗೊಂಡಿದೀರಿ" ಎಂದ. ಮುಂದೆ ಗುದ್ದಿಸಿಕೊಂಡ ಒಂದು ಕಾರಿನ ಹಿಂಭಾಗ, ಹಿಂದೆ ಗುದ್ದಿಸಿಕೊಂಡ ಇನ್ನೊಂದರ ಮುಂಭಾಗ, ಸೀಟಿನ ಕೆಳಗೆ ಬೆಸುಗೆ, ಅದರ ಮೇಲೆ ಚಂದದ ಬಣ್ಣ. ಡ್ರೈವರ್ ಕಡೆಯ ಬಾಗಿಲೊಂದನ್ನು ತೆರೆಯುವ ಹಾಗೆ ಬಡಿದುಕೊಟ್ಟು ಅವನು ಹೇಳಿದ್ದು ಮೂರೇ ಮಾತು: "ನೇರ ಹೋಗಿ. ನಿಧಾನ ಹೋಗಿ. ಯಾರಿಗೂ ಮಾರ್ಬೇಡಿ."

ಇದನ್ನು ಕೊಳ್ಳುವಾಗ ನನ್ನ ಬುದ್ಧಿ ಎಲ್ಲಿ ಹೋಗಿತ್ತು ಎಂದು ನೀನು ಕೇಳುತ್ತೀಯ. ದಲ್ಲಾಳಿ ಮೋಸ ಮಾಡಿದ ಎಂದು ಬರೆದರೆ ನನಗೆ ಅನುಕೂಲ. ಆದರೆ ಅವನೇ ಕೇಳಿದ್ದ, "ಗ್ಯಾರೇಜಲ್ಲಿ ಮೇಲೆತ್ತಿ ಕೆಳಗಡೆ ತೋರಿಸ್ಲಾ ಅಣ್ಣಾ?" ಎಂದು. ಸುತ್ತ ಬೇಕರಿಯ ನಾಲ್ಕು ಜನ ನಿಂತಿದ್ದರು. ಅವರ ಮುಂದೆ ನಾನು, "ನನಗ್ಯಾಕಯ್ಯಾ ಎತ್ತಿ ತೋರಿಸ್ತೀಯ? ಬಾನೆಟ್ ಮೇಲೆ ಕಿವಿ ಇಟ್ರೆ ಸಾಕು, ಅದರ ಜಾತಕ ಹೇಳ್ತೀನಿ" ಎಂದೆ. ಕಿವಿ ಇಟ್ಟೆ. ಎಂಜಿನ್ ಬೆಣ್ಣೆಯ ಹಾಗಿತ್ತು. ಇರಲೇಬೇಕಲ್ಲ, ಮುಂದಿನ ಅರ್ಧ ನಿಜಕ್ಕೂ ಒಳ್ಳೆಯದೇ! ಹಿಂದಿನ ಅರ್ಧಕ್ಕೆ ಯಾರು ಕಿವಿ ಇಡುತ್ತಾರೆ?

ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನ ಮೇಷ್ಟ್ರು ಮನೆಯ ಪಾಯ ನೇರವಿದೆಯೋ ಇಲ್ಲವೋ ನೋಡುವುದನ್ನು ದಾರ ಹಿಡಿಸಿ ಕಲಿಸಿದ್ದರು. ಈ ಮೂಲೆಯಿಂದ ಆ ಮೂಲೆಗೆ ಎಳೆ, ಆ ಮೂಲೆಯಿಂದ ಈ ಮೂಲೆಗೆ ಎಳೆ, ಎರಡೂ ಸಮ ಬಂದರೆ ಸರಿ. ಕಾರಿನ ಕೆಳಗೆ ಒಂದು ಎಳೆ ದಾರ ಹಿಡಿದಿದ್ದರೆ ಎರಡು ಬೆರಳು ವ್ಯತ್ಯಾಸ ಸಿಗುತ್ತಿತ್ತು. ನಾನು ಕಲಿತ ಒಂದೇ ಒಂದು ಲೆಕ್ಕವನ್ನು ಜಂಬಕ್ಕೆ ಬಿಟ್ಟುಕೊಟ್ಟೆ.

ಅಂದಿನಿಂದ ಇದು ನನ್ನನ್ನು ಸಾಕುತ್ತಿದೆಯೋ, ನಾನು ಇದನ್ನು ಸಾಕುತ್ತಿದ್ದೇನೋ ತಿಳಿಯದು. ಮಾರಿದರೆ ಒಳಗೆ ಇನ್ನೊಬ್ಬ ಕೂರುತ್ತಾನೆ. ಗುಜರಿಗೆ ಕೊಟ್ಟರೆ "ಬಹುಮಾನದ ಕಾರನ್ನ ಯಾಕೆ ಕೊಟ್ರಿ?" ಎಂದು ಕೇಳುತ್ತಾರೆ. ಓಡಿಸಿದರೆ ಎಡಕ್ಕೂ ಬಲಕ್ಕೂ ಭಯ. ಆದ್ದರಿಂದ ಮನೆಯಿಂದ ಅಂಗಡಿ ಬೀದಿಗೆ, ಅಂಗಡಿ ಬೀದಿಯಿಂದ ಮನೆಗೆ, ಸೈಕಲ್ಲುಗಳು ಹಿಂದೆ ಹಾಕುವ ವೇಗದಲ್ಲಿ ಓಡಿಸಿದ್ದೇನೆ. "ಚಾಂಪಿಯನ್ನು ಹೋಗ್ತಿದಾರೆ, ದಾರಿ ಬಿಡ್ರೋ" ಎಂದು ಜನ ನಕ್ಕಾಗ, ನಿಜವಾದ ಓಟಗಾರ ರಸ್ತೆಯಲ್ಲಿ ಓಡುವುದಿಲ್ಲ ಎಂದು ಅದಕ್ಕೂ ಒಂದು ಮಾತು ಕಟ್ಟಿದೆ. ನೀನು ಮೂರು ತಿಂಗಳಿಂದ ಕೇಳುತ್ತಿರುವಾಗಲೂ ತಮಾಷೆಯಲ್ಲೇ ತಳ್ಳುತ್ತ ಬಂದೆ. ಅಕ್ಕ ಫೋನಿನಲ್ಲಿ, "ಸತ್ತಾಗ ತಲೆ ಮೇಲಿಟ್ಕೊಂಡು ಹೋಗ್ತೀಯೇನೋ ಆ ಡಬ್ಬಾನ? ಕೊಡೋ ಮಗೂಗೆ" ಎಂದಳು. ಜಿಪುಣ ಎನ್ನಿಸಿಕೊಂಡೆ. ಸುಳ್ಳುಗಾರ ಎನ್ನಿಸಿಕೊಳ್ಳುವುದಕ್ಕಿಂತ ಅದು ಹಿತವಾಗಿತ್ತು.

ಆದರೆ ಇವತ್ತು ಈ ಸೀಟಿನಲ್ಲಿ ಕೂತು ಬೆವರುತ್ತಿರುವಾಗ ಹಿಂದಿನ ಸೀಟು ಕಣ್ಣಿಗೆ ಬಿತ್ತು. ಅಲ್ಲಿ ಅಕ್ಕ ಕೂರುತ್ತಾಳೆ. ಬಾಗಿಲು ಕಚ್ಚಿಕೊಂಡರೆ ಅವಳು ಕಿಟಕಿಯಿಂದ ಹಾರುವವಳಲ್ಲ. ಮುಂದೆ ನೀನು, ಐವತ್ತೆಂಟನ್ನು ಐವತ್ತೇಳು ಮಾಡುವ ಹಟದಲ್ಲಿ. ಈ ಬೆಸುಗೆ ಎಷ್ಟು ತಿರುವು ತಾಳುತ್ತದೋ ಮೇಸ್ತ್ರಿಗೂ ಗೊತ್ತಿಲ್ಲ. ಈ ಕಾರನ್ನು ನಿನಗೆ ಕೊಡುವುದಿಲ್ಲ, ಬುಗುರಿ. ನೀನು ಮಾತು ಬಿಟ್ಟರೂ ಕೊಡುವುದಿಲ್ಲ.

ನೀನು ಮೊದಲು ನೋಡಿದ್ದೆಯಲ್ಲ, ಆ ನಿವೃತ್ತ ಹೆಡ್‌ಮಿಸ್ಟ್ರೆಸ್ ಕಾರು, ಅದನ್ನು ತಗೋ. "ತೀರಾ ಸಪ್ಪೆ ಮಾಮ, ನಿಂತ್ರೆ ಹಾಜರಿ ಕರೆಯೋ ಹಾಗಿದೆ" ಎಂದು ಬರೆದಿದ್ದೆ. ಕರೆಯಲಿ ಬಿಡು. ಗೇರು ಕೈಯಲ್ಲಿ ಹಾಕುವಂಥದ್ದು, ಮೈ ಹಗುರ, ಕೂರುವ ಸೀಟು ನೆಲಕ್ಕೆ ಹತ್ತಿರ, ಕುರ್ಚಿ ಹಿಡಿಸುವ ಡಿಕ್ಕಿ, ಒಬ್ಬರೇ ಓಡಿಸಿದ್ದು. ಕೋನಿನ ಬಯಲಿಗೆ ದೊಡ್ಡ ಎಂಜಿನ್ ಬೇಡ, ಅಲ್ಲಿ ಮೂರನೇ ಗೇರು ಹಾಕುವಷ್ಟು ಜಾಗವೇ ಇರುವುದಿಲ್ಲ. ಒಳ್ಳೆಯ ಟೈರು, ಹೇಳಿದ ಕಡೆ ನಿಲ್ಲುವ ಬ್ರೇಕು ಸಾಕು, ಉಳಿದ ದುಡ್ಡನ್ನು ಅವಕ್ಕೇ ಹಾಕು. ಕೊಳ್ಳುವ ಮುಂಚೆ ಮೇಲೆತ್ತಿಸಿ ಕೆಳಗಡೆ ನೋಡು, ದಾರ ಹಿಡಿ. ಮತ್ತೆ ಒಂದು ಮೂಲೆಗೆ ಜಾಕ್ ಕೊಟ್ಟು, ನಾಲ್ಕೂ ಬಾಗಿಲನ್ನು ತೆರೆದು ಮುಚ್ಚಿ ನೋಡು. ಹೊರಗೆ ನಿಂತು ನೋಡು, ನಿನ್ನ ಮಾಮನ ಹಾಗೆ ಒಳಗೆ ಕೂತಲ್ಲ. ಒಂದು ಬಾಗಿಲು ಕಚ್ಚಿದರೂ ಹೆಡ್‌ಮಿಸ್ಟ್ರೆಸ್‌ಗೆ ನಮಸ್ಕಾರ ಹೇಳಿ ಬಂದುಬಿಡು.

ಓಡಿಸುವುದರ ಬಗ್ಗೆ ನನಗೆ ನಿಜವಾಗಿ ಗೊತ್ತಿರುವುದು ಒಂದೇ. ಹಿಂದೆ ಇನ್ನೂರು ಬ್ರೆಡ್ಡು ಬಿಸಿಯಾಗಿ ನಿಂತಿವೆ, ಒಂದೂ ವಾಲಬಾರದು ಎಂದುಕೊಂಡು ತಿರುಗಿಸು. ತಿರುವಿಗೆ ಮೊದಲೇ ನಿಧಾನ ಮಾಡು, ತಿರುವಿನಲ್ಲಿ ಕೈ ನಡುಗಿಸಬೇಡ, ಕಣ್ಣು ಮುಂದಿನ ಕೋನಿನ ಮೇಲಿರಲಿ. ಮೂವತ್ತು ವರ್ಷದಲ್ಲಿ ನಾನು ಒಂದು ಬ್ರೆಡ್ಡನ್ನೂ ಚಪ್ಪಟೆ ಮಾಡಲಿಲ್ಲ. ಇದಕ್ಕೆ ಯಾರೂ ಬಹುಮಾನ ಕೊಡಲಿಲ್ಲವಾದ್ದರಿಂದ ಬೇರೆಯದನ್ನು ಹುಟ್ಟಿಸಿಕೊಂಡೆ.

ಗೇಟು ಕಿರುಗುಟ್ಟಿತು. ಅತ್ತೆ ಬಂದಳು. ಚಪ್ಪಲಿ ಬಿಡುತ್ತಿದ್ದಾಳೆ. "ರೀ, ಎಲ್ಲಿದೀರಿ?" ಎನ್ನುತ್ತಿದ್ದಾಳೆ.

ಎತ್ತಿದ ಮೂಲೆ ಇಳಿದರೆ ತಿರುಚಿಕೊಂಡ ಕಾರಿನ ಮೈ ಸಡಿಲವಾಗಿ ಬಾಗಿಲು ಬಿಡುತ್ತದೆ, ಜಾಕ್ ಇಳಿಸಬೇಕಾದವಳು ಅವಳೇ. ಆದರೆ ಅದಕ್ಕೆ ಮುಂಚೆ ಈ ಹಾಳೆಗಳನ್ನು ಗಾಜಿನ ಸಂದಿಯಲ್ಲಿ ಅವಳ ಕೈಗೆ ಕೊಡುತ್ತೇನೆ. ಲಕೋಟೆ ಇಲ್ಲ. ಅವಳು ಓದದೆ ಅಂಚೆಗೆ ಹಾಕುವವಳಲ್ಲ. ಓದಲಿ. ಓದಿದ ಮೇಲೆ ಜಾಕ್ ಇಳಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ಬೀದಿಗೆ ಬಾಗಿಲಿರುವ ಒಂದು ಹೊಲಿಗೆ ಅಂಗಡಿ ಹಾಕಬೇಕೆಂದು ಅವಳು ಹದಿನಾರು ವರ್ಷ ಕೂಡಿಟ್ಟಿದ್ದಳು. ಇಂದಿಗೂ ಎರಡು ಕೋಣೆಯ ನಡುವಿನ ಓಣಿಯಲ್ಲಿ, ಗೋಡೆಗೆ ಮುಖ ಮಾಡಿ ಹೊಲಿಯುತ್ತಾಳೆ. ಕಾರಿಗೆ ಒಂದು ಲಕ್ಷ ನಲವತ್ತು, ಉಳಿದದ್ದು ಡಿಪಾಸಿಟ್ಟಿನಲ್ಲಿದೆ ಎಂದಿದ್ದೇನೆ. ಅಕ್ಕನಿಗೆ ತೊಂಬತ್ತು ಸಾವಿರ ಎಂದೆ. ಅಂಗಡಿ ಬೀದಿಯವರಿಗೆ ಕಾರೇ ಬಹುಮಾನವಾಗಿ ಬಂತು ಎಂದೆ. ಡಿಪಾಸಿಟ್ಟು ಯಾವುದೂ ಇಲ್ಲ. ಇದ್ದದ್ದೆಲ್ಲ ನಾನು ಕೂತಿರುವ ಈ ಸೀಟಿನ ಕೆಳಗಿದೆ.

ಬುಗುರಿ, ನಿನ್ನ ಬಾಗಿಲುಗಳು ನಾಲ್ಕೂ ಸಲೀಸಾಗಿ ತೆರೆಯಲಿ. ಎಲ್ಲಿ ತಿರುಗಬೇಕೆಂದು ನೀನೇ ಹೇಳುವ ಸೆಕೆಂಡುಗಳು ಹೆಚ್ಚುತ್ತಾ ಹೋಗಲಿ. ಶನಿವಾರ ಬಾ, ಕಾರಿಗಲ್ಲ, ನಮ್ಮಿಬ್ಬರನ್ನು ನೋಡಲು. ಅಕ್ಕನಿಗೆ ನಮಸ್ಕಾರ.

ಇಂತಿ ನಿನ್ನ ಮಾಮ,
ಒಂದು ಬಹುಮಾನವನ್ನೂ ಗೆಲ್ಲದವನು, ನಿನ್ನ ಅತ್ತೆಯ ನಾಲ್ಕು ಲಕ್ಷ ಹನ್ನೆರಡು ಸಾವಿರ ಕಳೆದವನು.