ನಮ್ಮ ಬೀದಿಯ ಹೊಸ ಮತದಾರಳು

ಪ್ರೀತಿಯ ಅಪ್ಪನಿಗೆ,

ಮತದಾರರ ಪಟ್ಟಿಯ ಕೆಲಸಕ್ಕೆ ಪುರಸಭೆಯವರು ಈ ಸಲವೂ ನಮ್ಮ ಬೀದಿಯನ್ನು ನಿಮಗೇ ಕೊಟ್ಟಿದ್ದಾರೆಂದು ಅಮ್ಮ ಹೇಳಿದಳು. ನಿಮ್ಮ ಕೈಗೆ ಬರುವ ಅರ್ಜಿಗಳಲ್ಲಿ ನನ್ನದೂ ಒಂದಿದೆ. ವಿಳಾಸ ನಮ್ಮ ಮನೆಯದೇ. ಗಂಡನ ಮನೆಯ ವಿಳಾಸದಿಂದ ಹೆಸರು ತೆಗೆಸಲು ಬರೆದುಕೊಟ್ಟಿದ್ದೇನೆ.

“ಆಳನ್ನ ಕಣ್ಣಾರೆ ನೋಡದೆ ರುಜು ಹಾಕಲ್ಲ” ಅಂತೀರಲ್ಲ, ಮಗಳೆಂದು ರಿಯಾಯಿತಿ ಬೇಡ. ಭಾನುವಾರ ಪೆಟ್ಟಿಗೆ ಸಮೇತ ಬರುತ್ತೇನೆ. ನನ್ನ ಕೋಣೆಯಲ್ಲಿ ಪೇರಿಸಿಟ್ಟಿರುವ ನಿಮ್ಮ ಚುನಾವಣೆಯ ಕಾಗದಗಳನ್ನು ಅಷ್ಟರಲ್ಲಿ ಹಜಾರಕ್ಕೆ ಸಾಗಿಸಿ.

ಯಾಕೆ ಬರುತ್ತಿದ್ದೇನೆ ಎಂದು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಸದ್ಯಕ್ಕೆ ನೀವೂ ಕೇಳಬೇಡಿ. ಎಲ್ಲರ ಮನೆಯಲ್ಲೂ ಕೇಳುವಂತೆ, “ಇನ್ಮೇಲೆ ಇಲ್ಲೇ ಇರ್ತೀಯೇನಮ್ಮ?” ಅಂತ ಕೇಳಿದರೆ ಸಾಕು.

ತಡವರಿಸದೆ ಹೌದು ಅನ್ನುವುದನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತೇನೆ.

ನಿಮ್ಮ ಮಗಳು