ಉಪ್ಪಿಲ್ಲದ ಸಾರು

ಬಾಳ್ಳುಪೇಟೆ
5–5–1959

ಪಾಳ್ಯದ ನನ್ನ ವಿಶಾಲುವಿಗೆ,

ನಿನ್ನ ಭದ್ರೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಮೊದಲು ಬರೆಯುವುದು ರೂಢಿ. ಆದರೆ ನಮ್ಮ ಮನೆ ಕ್ಷೇಮವೋ ಅಲ್ಲವೋ ಎಂಬುದೇ ನಿನ್ನ ಕಾಗದದ ಪ್ರಶ್ನೆ. ಪೂರ್ತಿ ಓದಿ ನೀನೇ ತೀರ್ಮಾನಿಸು.

ನಿನ್ನ ಮಗ ಕೃಷ್ಣಪ್ಪನಿಗೆ ನಮ್ಮ ಗಂಗಾಮಣಿಯನ್ನು ತಂದುಕೊಳ್ಳುವ ಮನಸ್ಸಿದೆ. ಆದರೆ ಹುಡುಗಿಯ ಅಪ್ಪ ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಕೂರುತ್ತಾರಂತೆ, ಯೋಗ ಹಿಡಿದವರು ಒಂದು ದಿನ ಕಾವಿ ಉಟ್ಟು ಹೊರಡುತ್ತಾರೆ, ಆಮೇಲೆ ಧಾರೆ ಎರೆಯುವವರು ಯಾರು ಎಂದು ನಿಮ್ಮ ಯಜಮಾನರು ಕೇಳುತ್ತಿದ್ದಾರೆ. ಮದುವೆ ಮುಗಿಯುವವರೆಗಾದರೂ ನಿಲ್ಲಿಸಲಿ, ಇಲ್ಲವಾದರೆ ಮಾತು ಇಲ್ಲಿಗೇ ಸಾಕು ಎಂದು ಬರೆದಿದ್ದೀಯ. ನೇರವಾಗಿ ಬರೆದೆಯಲ್ಲ, ಸಂತೋಷ. ಕಡಲೆಕಾಯಿ ಬುಟ್ಟಿ ಹೊತ್ತು ಬಸ್ಸಿನ ಕಿಟಕಿಗೆ ಕೈಯೆತ್ತುತ್ತಿದ್ದ ನಾನು ಈಗ ದಿನಸಿ ಅಂಗಡಿಯ ತಕ್ಕಡಿ ಹಿಡಿದಿದ್ದೇನೆ. ಮೂಸಿ ನೋಡದೆ ಸರಕು ಕೊಳ್ಳುವವರನ್ನು ನಾನೂ ನಂಬುವುದಿಲ್ಲ.

ಈ ಸರಕನ್ನೂ ಮೂಸಿ ನೋಡಿದ್ದೇನೆ ಕಣೇ.

ಇವರು ಬದಲಾದ ಸುದ್ದಿ ಮೊದಲು ಹುಟ್ಟಿದ್ದು ಲಾರಿ ಬಾಬಾಜಾನ್ ಬಾಯಲ್ಲಿ. ಮಂಗಳೂರಿನಿಂದ ಉಪ್ಪು ತರುವ ಬಾಡಿಗೆಗಾಗಿ ಅವನೂ ನಮ್ಮವರೂ ಕಿತ್ತಾಡದ ವಾರವಿರಲಿಲ್ಲ. ಒಂದು ದಿನ ಅವನು ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಯಜಮಾನ್ರಿಗೆ ಮೈ ನೆಟ್ಟಗೈತಾ? ಬಾಡಿಗೆ ಹೇಳುದ್ರೆ ನಕ್ಬುಟ್ಟು, ಸರಿಯಾಗ್ ನೋಡ್ಕಂಡ್ ಹೇಳೋ ಮಾರಾಯ ಅಂದ್ರು. ಬೈಲೇ ಇಲ್ಲ. ನಂಗೇ ನಾಚ್ಕೆ ಆಗಿ ರೇಟು ಇಳಿಸ್ಬುಟ್ಟೆ" ಎಂದ. ಬೈಗುಳ ಸಿಗದೆ ಪಾಪ ಅವನ ಮುಖ ಬಾಡಿಹೋಗಿತ್ತು.

ಅವತ್ತಿನಿಂದ ನನಗೆ ತಲೆಯಲ್ಲಿ ಹುಳ. ಇವರಿಗೆ ಈ ಯೋಗ ಹೇಳಿಕೊಟ್ಟದ್ದು ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಡ್ರಿಲ್ ಮೇಷ್ಟ್ರು ಮಹಾದೇವಯ್ಯ. ನಿದ್ದೆ ಬರಲಿ ಎಂದು ಶುರುವಾದದ್ದು. ಬೆಳಗಿನ ಜಾವ ಅಕ್ಕಿ ಮೂಟೆಗಳ ಸಂದಿಯಲ್ಲಿ ನಿಂತು ಇಣುಕಿದೆ. ಕಂಬಳಿ ಹಾಸಿಕೊಂಡು ಒಂದಿಷ್ಟು ಬಗ್ಗುತ್ತಾರೆ, ಏಳುತ್ತಾರೆ, ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಉಸಿರು ಎಳೆಯುತ್ತಾರೆ, ಬಿಡುತ್ತಾರೆ. ಊದುಬತ್ತಿ ಸಹ ಇಲ್ಲ. ಒಂದು ಕಾಸೂ ಖರ್ಚಿಲ್ಲದೆ ಇಷ್ಟು ಲಾಭ ಹೇಗೆ ಬರುತ್ತದೆ ಎಂಬುದೇ ನನ್ನ ಅನುಮಾನ.

ಇದು ಶಾಂತಿಯೋ ವೈರಾಗ್ಯವೋ ನೋಡಿಯೇ ಬಿಡೋಣ ಎಂದು ಬೇಕೆಂದೇ ಒಂದು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಮೊದಲಾಗಿದ್ದರೆ ತಟ್ಟೆ ಹಿತ್ತಲಿಗೆ ಹಾರುತ್ತಿತ್ತು. ಸುಮ್ಮನೆ ಉಂಡೆದ್ದರೆ, ಇವರು ಕಾವಿಯ ಗಿರಾಕಿಯೇ ಸರಿ ಎಂದುಕೊಂಡು ಕಾದೆ. ಒಂದು ತುತ್ತು ನುಂಗಿದರು. ತಡೆದರು. ಒಂದು ಉಸಿರು ಎಳೆದದ್ದು ಕಂಡಿತು. "ಉಪ್ಪು ಮರ್ತ್ಬುಟ್ಟಿದ್ದೀಯ ಕಣೇ, ತತ್ತಾ" ಎಂದರು. ಹಾಕಿಕೊಂಡು ಇನ್ನೊಂದು ಸಲ ಬಡಿಸಿಕೊಂಡರು. ಉಪ್ಪು ಕೇಳಿ ಉಣ್ಣುವ ಸನ್ಯಾಸಿಯನ್ನು ನೀನು ಕಂಡಿದ್ದೀಯಾ?

ಇನ್ನೊಂದು ವಿಷಯವಿದೆ, ಅದನ್ನು ಕಾಗದದಲ್ಲಿ ಬರೆಯುವುದು ಕಷ್ಟ. ನಮ್ಮ ಮಗ ರಂಗಸ್ವಾಮಿ ಜ್ವರದಲ್ಲಿ ಹೋದಮೇಲೆ ಈ ಮನೆಯಲ್ಲಿ ಆ ಹೆಸರು ಯಾರೂ ಎತ್ತಿರಲಿಲ್ಲ. ಆ ಹೆಸರಿನ ಗಿರಾಕಿ ಬಂದರೆ ಇವರು "ಏ, ಇವ್ನೇ" ಎಂದು ಕರೆಯುತ್ತಿದ್ದರು. ಸಂಕ್ರಾಂತಿಗೆ ಮುಂಚೆ ಒಂದು ಸಂತೆಯ ದಿನ ಮಗ್ಗೆ ಊರಿನ ರೈತನೊಬ್ಬ ಚೀಲ ಬಿಟ್ಟು ಹೊರಟ. ಇವರು ಬಾಗಿಲಿಗೆ ಬಂದು, "ರಂಗಸ್ವಾಮೀ, ಚೀಲ ಬುಟ್ಟೆ ನೋಡಯ್ಯ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು ತೂಗುತ್ತಿದ್ದ ಬೇಳೆಯನ್ನು ಸುರಿದು ಮತ್ತೆ ಮೊದಲಿನಿಂದ ತೂಗಿದೆ.

ಸಂಜೆ ಕೇಳಿದೆ, ಕಣ್ಣು ಮುಚ್ಚಿದರೆ ಒಳಗೆ ಏನು ಕಾಣುತ್ತದೆ ಎಂದು. "ಮೊದ್ಲು ಬರೀ ಅಂಗಡಿ ಕಾಣ್ತಿತ್ತು. ಆಮೇಲೆ ರಂಗ ಬರಾಕೆ ಶುರು ಮಾಡ್ದ. ಅವ್ನು ಬಂದ್ರೆ ನಾನು ಎದ್ದು ಹೋಗ್ಬುಡ್ತಿದ್ದೆ. ಈಗ ಏಳಲ್ಲ. ಅವ್ನೂ ಪಕ್ಕದಾಗೆ ಕೂರ್ತಾನೆ. ಒಂದೊಂದ್ ದಿನ ಅವ್ನೂ ಇರಲ್ಲ, ನಾನೂ ಇರಲ್ಲ, ಉಸ್ರು ಒಂದೇ ಇರ್ತೈತೆ" ಎಂದರು. ದೇವರು ಅನ್ನುವುದು ಇದೇನೋ ಏನೋ ಎಂದು ಅವರೇ ನನ್ನ ಮುಖ ನೋಡಿದರು. ನನಗೇನು ಗೊತ್ತು? ಮೇಷ್ಟ್ರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲವಂತೆ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಮುಖ ಕೆಡಿಸಿಕೊಳ್ಳಲಿಲ್ಲ. "ಮಗೀನ ಮದ್ವೆಗಿಂತ ಇದು ಹೆಚ್ಚಾ? ನಾಳೆಯಿಂದ ಕೂರಲ್ಲ ಬುಡು" ಎಂದು ಕಂಬಳಿ ಸುತ್ತಿ ಅಟ್ಟದ ಮೇಲಿಟ್ಟರು. ಬೆಳಗ್ಗೆ ನೋಡಿದರೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು, ರಂಗ ಹೋದ ಹೊಸದರಲ್ಲಿ ನಿಲ್ಲುತ್ತಿದ್ದ ಹಾಗೆ. ನಾನೇ ಏಣಿ ಹತ್ತಿ ಕಂಬಳಿ ಇಳಿಸಿ ಹಾಸಿದೆ.

ಆದ್ದರಿಂದ ಕೇಳು. ನಿಮ್ಮ ಕೃಷ್ಣಪ್ಪನ ಹೆಸರು ಕಿವಿಗೆ ಬಿದ್ದರೆ ಗಂಗಾಮಣಿ ಒಂದು ಸೇರಿಗೆ ಬದಲು ಒಂದೂವರೆ ಸೇರು ಅಕ್ಕಿ ಅಳೆದುಬಿಡುತ್ತಾಳೆ. ಈ ಸಂಬಂಧ ತಪ್ಪಿದರೆ ಅವಳು ಎಷ್ಟು ನೊಂದುಕೊಳ್ಳುತ್ತಾಳೆಂದು ನನಗೆ ಗೊತ್ತು. ಅವಳಿಗೂ ನಿನ್ನ ಕಾಗದ ಓದಿಸಿದೆ. "ಅಪ್ಪ ಕೂರ್ಲಿ ಬುಡವ್ವ" ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೀಗಿದ್ದೂ ನಿಲ್ಲಿಸಿ ಎಂದು ನಾನು ಅವರಿಗೆ ಹೇಳುವುದಿಲ್ಲ. ಧಾರೆಗೆ ಅವರೇ ನಿಲ್ಲುತ್ತಾರೆ, ಅದಕ್ಕೆ ನಾನು ಜವಾಬ್ದಾರಿ. ನೀನೂ ನಿಮ್ಮವರೂ ಒಂದು ರಾತ್ರಿ ಬಂದು ಇದ್ದು, ಬೆಳಗ್ಗೆ ಎದ್ದು ಕಣ್ಣಾರೆ ನೋಡಿ. ಒಪ್ಪದಿದ್ದರೆ ಊಟ ಮಾಡಿಕೊಂಡು ಹೋಗಿ; ಗೆಳೆತನ ಎಲ್ಲಿಗೂ ಹೋಗುವುದಿಲ್ಲ. ಸಾರಿಗೆ ಉಪ್ಪು ಹಾಕಿರುತ್ತೇನೆ.

ನಿನ್ನ ದಾರಿ ನೋಡುವ,
ಭದ್ರಮ್ಮ

ಮರೆತ ಮಾತು: ಬಂದಾಗ ಎರಡು ಕಂಬಳಿ ಹಾಸಿದ್ದು ಕಂಡರೆ ಗಾಬರಿಯಾಗಬೇಡ. ಗಂಗಾಮಣಿಯದಲ್ಲ, ಅವಳಿಗೆ ಬೆಳಗಿನ ನಿದ್ದೆ ಹೆಚ್ಚು, ಅದನ್ನೂ ಈಗಲೇ ಹೇಳಿಬಿಟ್ಟಿದ್ದೇನೆ. ಇನ್ನೊಂದು ನನ್ನದು. ಸಂಕ್ರಾಂತಿ ಕಳೆದಂದಿನಿಂದ ಹಾಸುತ್ತಿದ್ದೇನೆ. ರಂಗ ನನ್ನ ಹತ್ತಿರವೂ ಬಂದು ಕೂರುತ್ತಾನೋ ನೋಡೋಣ ಎಂದು ಕೂತೆ. ಬರುತ್ತಾನೆ ಕಣೇ.